ಇನ್‌ಹೇಲರ್ ಔಷಧ ಗಂಟಲಲ್ಲೇ ಉಳಿಯದಿರಲಿ

"ಇನ್‌ಹೇಲರ್ ಬಳಸಿದರೂ ಉಬ್ಬಸ ಕಡಿಮೆಯಾಗಿಲ್ಲ, ಬೇರೆ ಔಷಧ ಬರೆದುಕೊಡಿ" ಎನ್ನುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ: "ನನ್ನೆದುರಿಗೆ ಒಂದು ಪಫ್ ತೆಗೆದುಕೊಳ್ಳಿ, ನೋಡೋಣ." ಅವರು ಡಬ್ಬಿ ಒತ್ತುತ್ತಾರೆ. ತುಟಿಯ ಅಂಚಿನಿಂದಲೋ ಮೂಗಿನಿಂದಲೋ ಬಿಳಿ ಮಂಜು ಹೊರಗೆ ತೇಲಿ ಬರುತ್ತದೆ. ಎದೆಗೆ ಇಳಿಯಬೇಕಿದ್ದ ಔಷಧವೇ ಅದು. ಬದಲಿಸಬೇಕಾದದ್ದು ಔಷಧವನ್ನಲ್ಲ, ತೆಗೆದುಕೊಳ್ಳುವ ಕ್ರಮವನ್ನು.

ಔಷಧ ಹೋಗಿ ಸೇರಬೇಕಾದ ಜಾಗ ಯಾವುದೆಂದು ಮೊದಲು ತಿಳಿದುಕೊಳ್ಳಿ. ಗಂಟಲ ಕೆಳಗಿನ ಶ್ವಾಸನಾಳ ಎದೆಯೊಳಗೆ ಎರಡಾಗುತ್ತದೆ. ಆ ಕವಲುಗಳು ಮತ್ತೆ ಮತ್ತೆ, ಸುಮಾರು 23 ಬಾರಿ ಕವಲೊಡೆದು ಗಾಳಿಗೂಡುಗಳವರೆಗೆ ಹೋಗುತ್ತವೆ. ಆಸ್ತಮಾದ ಕಾಟವೆಲ್ಲ ಈ ಕವಲುಗಳಲ್ಲಿ. ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಪದರ ಊದಿಕೊಳ್ಳುತ್ತದೆ, ಅಂಟಂಟಾದ ಕಫ ದಾರಿಗೆ ಅಡ್ಡ ಕೂರುತ್ತದೆ. ಸುಗಮವಾಗಿ ಗಾಳಿ ಹರಿಯುವ ನಾಳದ ತ್ರಿಜ್ಯ ಅರ್ಧಕ್ಕೆ ಇಳಿದರೆ ಅಲ್ಲಿನ ತಡೆ ಎರಡು ಪಟ್ಟಲ್ಲ, 16 ಪಟ್ಟು ಹೆಚ್ಚುತ್ತದೆ. ದಾರಿ ತುಸು ಕಿರಿದಾದರೂ ಜೀವ ಚಡಪಡಿಸುವುದು, ತುಸು ತೆರೆದರೂ ಹಾಯೆನಿಸುವುದು ಇದೇ ಕಾರಣಕ್ಕೆ. ಹಾಗಾಗಿ ಕೆಳಗಿನ ಕವಲುಗಳನ್ನು ಮುಟ್ಟುವ ಒಂದೊಂದು ಕಣಕ್ಕೂ ಬೆಲೆಯಿದೆ.

ಮೊದಲು, ನಿಮ್ಮ ಕೈಯಲ್ಲಿರುವುದು ಯಾವುದು?

ಲೋಹದ ಡಬ್ಬಿಯನ್ನು ಒತ್ತಿದಾಗ ತುಂತುರು ಚಿಮ್ಮುವುದು ಒಂದು ಬಗೆ. ಇದು ಮಾರುಕಟ್ಟೆಗೆ ಬಂದದ್ದು 1956ರಲ್ಲಿ. ಪುಡಿಯನ್ನು ಉಸಿರಿನಿಂದಲೇ ಎಳೆದುಕೊಳ್ಳುವುದು ಇನ್ನೊಂದು ಬಗೆ. ಎರಡರ ಕ್ರಮವೂ ತದ್ವಿರುದ್ಧ. ತುಂತುರಿನದನ್ನು ನಿಧಾನವಾಗಿ ಎಳೆದುಕೊಳ್ಳಬೇಕು, ಪುಡಿಯದನ್ನು ಜೋರಾಗಿ, ಆಳವಾಗಿ. ಪುಡಿಯ ಸಾಧನದೊಳಕ್ಕೆ ಉಸಿರು ಬಿಡಲೇಬಾರದು. ಬಾಯಿಯ ತೇವಕ್ಕೆ ಪುಡಿ ಗಂಟುಕಟ್ಟುತ್ತದೆ. ಒಂದರ ಪಾಠವನ್ನು ಇನ್ನೊಂದಕ್ಕೆ ಅನ್ವಯಿಸಿ ಕೆಡಿಸಿಕೊಂಡವರು ಬಹಳ. ಇನ್ನು ಮುಂದೆ ಹೇಳುವುದೆಲ್ಲ ತುಂತುರಿನ ಇನ್‌ಹೇಲರ್ ಕುರಿತು.

ಸಿದ್ಧತೆ

ಮುಚ್ಚಳ ತೆಗೆಯಿರಿ, ಬಾಯಿಗಿಡುವ ಭಾಗದೊಳಗೆ ಕಸವಿದೆಯೇ ನೋಡಿ, ಚೆನ್ನಾಗಿ ಕುಲುಕಿ. ಹೊಸದಾಗಿದ್ದರೆ ಅಥವಾ ಬಹಳ ದಿನ ಬಳಸದೆ ಇಟ್ಟಿದ್ದರೆ ಜೊತೆಗಿರುವ ಚೀಟಿಯಲ್ಲಿ ಹೇಳಿದಷ್ಟು ಬಾರಿ ಗಾಳಿಗೆ ಸಿಂಪಡಿಸಿ. ಬೆನ್ನು ನೇರವಾಗಿರಲಿ. ಮಲಗಿಕೊಂಡು ತೆಗೆದುಕೊಳ್ಳಬೇಡಿ.

ಉಸಿರು ಹೊರಗೆ

ಮುಖ ಪಕ್ಕಕ್ಕೆ ತಿರುಗಿಸಿ, ಆಯಾಸವಾಗದಷ್ಟು ಪೂರ್ತಿಯಾಗಿ ಉಸಿರು ಬಿಡಿ. ಇದನ್ನು ಬಿಟ್ಟುಬಿಡುವವರೇ ಹೆಚ್ಚು. ತುಂಬಿದ ಎದೆಯೊಳಗೆ ಮತ್ತೆ ಆಳವಾಗಿ ಎಳೆದುಕೊಳ್ಳಲು ಜಾಗವೆಲ್ಲಿ?

ಒತ್ತುವುದು ಮತ್ತು ಎಳೆಯುವುದು

ಕೆಡುವುದು ಇಲ್ಲೇ. ಹಾಗಾಗಿ ಈ ಭಾಗವನ್ನು ಎರಡು ಸಲ ಓದಿ.

ಡಬ್ಬಿಯಿಂದ ಹೊರಡುವ ತುಂತುರು ಬಹಳ ವೇಗದ್ದು. ಸುಮಾರು 1ರಿಂದ 5 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್) ಗಾತ್ರದ ಕಣಗಳು ಮಾತ್ರ ಕೆಳಗಿನ ಕವಲುಗಳಿಗೆ ಇಳಿಯಬಲ್ಲವು. ಅವೂ ಉಸಿರಿನ ಹರಿವಿನ ಜೊತೆ ಸಾಗಬೇಕು. ಹರಿವೇ ಶುರುವಾಗದಿದ್ದರೆ ತುಂತುರು ನೇರ ಹೋಗಿ ಗಂಟಲ ಹಿಂಭಾಗಕ್ಕೆ ಅಪ್ಪಳಿಸಿ ಅಲ್ಲಿಯೇ ಅಂಟಿಕೊಳ್ಳುತ್ತದೆ. ಗಂಟಲಲ್ಲಿ ತಣ್ಣನೆಯ ಪೆಟ್ಟು ತಗುಲಿದ್ದನ್ನೇ ಔಷಧ ಒಳಗೆ ಹೋಯಿತೆಂದು ಕೆಲವರು ನಂಬಿದ್ದಾರೆ. ಅದು ಔಷಧ ತಪ್ಪಿದ ಗುರುತು.

ಗಲ್ಲವನ್ನು ತುಸು ಮೇಲೆತ್ತಿ. ಬಾಯಿಗಿಡುವ ಭಾಗವನ್ನು ಹಲ್ಲುಗಳ ನಡುವೆ, ನಾಲಿಗೆಯ ಮೇಲೆ ಇಟ್ಟು ತುಟಿಗಳನ್ನು ಸುತ್ತ ಬಿಗಿಯಾಗಿ ಮುಚ್ಚಿ. ನಾಲಿಗೆ ಅಡ್ಡ ಬರಬಾರದು, ಹಲ್ಲು ರಂಧ್ರ ಮುಚ್ಚಬಾರದು. ಈಗ ಬಾಯಿಂದ ನಿಧಾನವಾಗಿ ಉಸಿರೆಳೆಯಲು ಆರಂಭಿಸಿ. ಗಾಳಿ ಒಳಗೆ ಹರಿಯತೊಡಗಿದ್ದು ಗೊತ್ತಾದ ಕೂಡಲೇ ಡಬ್ಬಿಯನ್ನು ಒಮ್ಮೆ, ಪೂರ್ತಿಯಾಗಿ ಒತ್ತಿ. ಒತ್ತಿದ ಮೇಲೂ ಎಳೆಯುವುದನ್ನು ನಿಲ್ಲಿಸಬೇಡಿ. ಒತ್ತಿದ್ದಕ್ಕೆ ಬೆಚ್ಚಿ ಉಸಿರು ಅಲ್ಲಿಗೇ ನಿಲ್ಲಿಸುವವರು, ಅಥವಾ ಅಲ್ಲಿಂದ ಮೂಗಿನಲ್ಲಿ ಎಳೆಯತೊಡಗುವವರು ಎಷ್ಟೋ ಮಂದಿ. ಮೂಗಿನಿಂದ ಎಳೆದರೆ ಬಾಯಿಯೊಳಗಿನ ಔಷಧ ಬಾಯಿಯಲ್ಲೇ ಉಳಿಯುತ್ತದೆ. ಎದೆ ತುಂಬುವವರೆಗೆ, ಮೂರರಿಂದ ಐದು ಸೆಕೆಂಡು, ಅದೇ ನಿಧಾನಗತಿಯಲ್ಲಿ ಎಳೆಯುತ್ತಲೇ ಇರಿ.

ಇಲ್ಲಿ ಮೂರು ಬಗೆಯ ತಪ್ಪು. ಉಸಿರೆಳೆದು ಮುಗಿಯುವ ಹೊತ್ತಿಗೆ ಒತ್ತಿದರೆ ಔಷಧ ಕೆಳಗಿಳಿಯಲು ಹರಿವೇ ಇರುವುದಿಲ್ಲ. ಮೊದಲೇ ಒತ್ತಿ ಆಮೇಲೆ ಎಳೆದರೆ ಗಂಟಲಿಗೆ ಬಡಿಯುತ್ತದೆ. ಗಾಬರಿಯಿಂದ ಜೋರಾಗಿ ಎಳೆದರೂ ಅಷ್ಟೇ, ವೇಗದ ಕಣಗಳು ಗಂಟಲ ತಿರುವಿನಲ್ಲಿ ತಿರುಗಲಾರದೆ ಗೋಡೆಗೆ ಹತ್ತಿಕೊಳ್ಳುತ್ತವೆ. ಕನ್ನಡಿಯ ಮುಂದೆ ನಿಂತು ನೋಡಿಕೊಳ್ಳಿ. ತುಟಿಯ ಬಳಿ ಮಂಜು ಕಂಡರೆ ಮತ್ತೆ ಕಲಿಯಬೇಕೆಂದೇ ಅರ್ಥ.

ಉಸಿರು ಹಿಡಿಯಿರಿ

ಇನ್‌ಹೇಲರ್ ತೆಗೆದು, ಬಾಯಿ ಮುಚ್ಚಿ, ಹತ್ತು ಸೆಕೆಂಡು ಅಥವಾ ಕಷ್ಟವಾಗದಷ್ಟು ಹೊತ್ತು ಉಸಿರು ಹಿಡಿಯಿರಿ. ಸಣ್ಣ ಕಣಗಳು ನಾಳದ ಗೋಡೆಯ ಮೇಲೆ ಕೂರಲು ಈ ಹೊತ್ತು ಬೇಕು. ಎರಡನೆಯ ಪಫ್ ಬೇಕಿದ್ದರೆ ಅರ್ಧ ನಿಮಿಷವಾದರೂ ತಡೆದು, ಮತ್ತೆ ಕುಲುಕಿ, ಎಲ್ಲವನ್ನೂ ಮೊದಲಿನಿಂದ ಮಾಡಿ. ಸಮಯ ಉಳಿಸಲೆಂದು ಒಂದೇ ಉಸಿರಿಗೆ ಎರಡು ಸಲ ಒತ್ತುವುದು ಔಷಧ ಹಾಳುಮಾಡುವ ಅಡ್ಡದಾರಿ.

ಸ್ಟೀರಾಯ್ಡ್ ಇರುವ ಇನ್‌ಹೇಲರ್ ಆಗಿದ್ದರೆ ಕೊನೆಗೆ ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳಿ. ಬಿಟ್ಟರೆ ಬಾಯಲ್ಲಿ ಬಿಳಿ ಮಚ್ಚೆಯ ಶಿಲೀಂಧ್ರ ಸೋಂಕು ಬರಬಹುದು, ದನಿ ಒಡೆಯಬಹುದು.

ಸ್ಪೇಸರ್ ಬಳಸಿ, ದೊಡ್ಡವರೂ ಬಳಸಿ

ಒತ್ತುವುದನ್ನೂ ಎಳೆಯುವುದನ್ನೂ ಹೊಂದಿಸಲಾಗದವರಿಗೆ, ಇನ್‌ಹೇಲರಿಗೂ ಬಾಯಿಗೂ ನಡುವೆ ಜೋಡಿಸುವ ಸ್ಪೇಸರ್ ಎಂಬ ಕೊಳವೆಯಿದೆ. ಅದು ಮಕ್ಕಳಿಗೆ ಮಾತ್ರ ಎಂಬುದು ಸುಳ್ಳು. ತುಂತುರಿನ ಇನ್‌ಹೇಲರ್ ಬಳಸುವ ಪ್ರತಿಯೊಬ್ಬರಿಗೂ ನಾನು ಹೇಳುವುದು ಸ್ಪೇಸರ್ ಕೊಳ್ಳಿ ಎಂದೇ. ತುಂತುರಿನ ವೇಗ ಅದರೊಳಗೆ ತಗ್ಗುತ್ತದೆ, ದಪ್ಪ ಹನಿಗಳು ಅದರ ಗೋಡೆಗೆ ಅಂಟುತ್ತವೆ, ನಿಮ್ಮ ಗಂಟಲಿಗಲ್ಲ. ಒಂದು ಪಫ್ ಒತ್ತಿ, ಒಂದು ಆಳವಾದ ಉಸಿರು ಎಳೆದು ಹಿಡಿಯಿರಿ. ಅದೂ ಆಗದಿದ್ದರೆ ಸಹಜವಾಗಿ ನಾಲ್ಕೈದು ಸಲ ಉಸಿರಾಡಿ. ಮಗುವಿಗಾದರೆ ಸ್ಪೇಸರಿನ ತುದಿಗೆ ಹಾಕುವ ಮಾಸ್ಕ್ ಮೂಗು, ಬಾಯಿಯ ಸುತ್ತ ಅಂಟಿ ಕೂರಬೇಕು. ಗಡಸು ಅಂಚಿನ, ಸಂದು ಬಿಡುವ ಅಗ್ಗದ ಮಾಸ್ಕುಗಳನ್ನು ಕೊಳ್ಳಬೇಡಿ. ಸಂದಿನಲ್ಲಿ ಹೋದ ಔಷಧ ಹೋದಂತೆಯೇ. ಅಳುವ ಮಗುವಿಗೆ ಒತ್ತಿ ಹಿಡಿದು ಕೊಟ್ಟರೆ ಒಳಗೆ ಹೋಗುವುದು ಅತ್ಯಲ್ಪ. ಮೊದಲು ಸಮಾಧಾನಪಡಿಸಿ.

ಸ್ಪೇಸರನ್ನು ಪಾತ್ರೆ ತೊಳೆಯುವ ದ್ರವ ಬೆರೆಸಿದ ಬೆಚ್ಚನೆಯ ನೀರಿನಲ್ಲಿ ತೊಳೆದು ತಾನಾಗಿ ಒಣಗಲು ಬಿಡಿ. ಬಟ್ಟೆಯಿಂದ ಉಜ್ಜಿದರೆ ಪ್ಲಾಸ್ಟಿಕ್ಕಿನಲ್ಲಿ ಸ್ಥಿರವಿದ್ಯುತ್ ಹುಟ್ಟಿ ಔಷಧವನ್ನು ಸೆಳೆದುಕೊಳ್ಳುತ್ತದೆ. ಡಬ್ಬಿ ಖಾಲಿಯಾಗಿದೆಯೇ ಎಂದು ನೀರಲ್ಲಿ ತೇಲಿಸಿ ನೋಡುವುದನ್ನು ಬಿಡಿ, ಅದು ನಂಬುವಂಥದ್ದಲ್ಲ. ಎಣಿಕೆಯ ಕಿಂಡಿಯಿದ್ದರೆ ಅದನ್ನು ನೋಡಿ, ಇಲ್ಲದಿದ್ದರೆ ಬಳಸಿದ್ದನ್ನು ಬರೆದಿಡಿ.

ತಕ್ಷಣದ ಆರಾಮವೇ ಚಿಕಿತ್ಸೆಯಲ್ಲ

ತಕ್ಷಣದ ಆರಾಮಕ್ಕೆ ಕೊಡುವ ಇನ್‌ಹೇಲರ್ ಔಷಧ ಸಾಲ್ಬುಟಮಾಲ್ ಕೆಲವೇ ನಿಮಿಷಗಳಲ್ಲಿ ಸ್ನಾಯುವನ್ನು ಸಡಿಲಿಸುತ್ತದೆ, ಪರಿಣಾಮ ನಾಲ್ಕರಿಂದ ಆರು ಗಂಟೆ. ಆದರೆ ಒಳಪದರದ ಊತವನ್ನು ಅದು ಇಳಿಸುವುದಿಲ್ಲ. ಆ ಕೆಲಸ ಸ್ಟೀರಾಯ್ಡ್ ಇನ್‌ಹೇಲರಿನದು, ಅದಕ್ಕೆ ದಿನಗಳು ಬೇಕು. ಆರಾಮ ಕೊಟ್ಟದ್ದನ್ನು ಇಟ್ಟುಕೊಂಡು, ಏನೂ ಅನಿಸದ್ದನ್ನು ನಿಲ್ಲಿಸುವವರನ್ನು ಕಂಡು ನನಗೆ ನಿಜಕ್ಕೂ ಆತಂಕವಾಗುತ್ತದೆ. ಆಸ್ತಮಾದ ಜಾಗತಿಕ ಮಾರ್ಗಸೂಚಿ 'ಗೀನಾ' 2019ರಿಂದ ಹದಿಹರೆಯದವರಿಗೂ ವಯಸ್ಕರಿಗೂ ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಳ್ಳಬೇಡಿ ಎನ್ನುತ್ತಿದೆ. ಸ್ಟೀರಾಯ್ಡ್ ಎಂಬ ಹೆಸರಿಗೆ ಹೆದರಿ ನಿಲ್ಲಿಸಬೇಡಿ. ಅನುಮಾನವಿದ್ದರೆ ವೈದ್ಯರನ್ನು ಕೇಳಿ.

ಯಾವಾಗ ಕಾಯಬಾರದು

ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು, ತುಟಿ ನೀಲಿಗಟ್ಟುವುದು, ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೆಳೆಯುವುದು, ಪಫ್ ತೆಗೆದುಕೊಂಡರೂ ಫಲ ಕಾಣದಿರುವುದು: ಇವುಗಳಲ್ಲಿ ಒಂದಿದ್ದರೂ ತಕ್ಷಣ ಆಂಬುಲೆನ್ಸ್ ಕರೆಯಿರಿ. ಎದೆಯ ಸುಯ್‌ಗುಟ್ಟುವಿಕೆ ನಿಂತಿತೆಂದು ಸಮಾಧಾನಪಡಬೇಡಿ. ರೋಗಿ ಇನ್ನೂ ಒದ್ದಾಡುತ್ತಿದ್ದರೆ ಶಬ್ದ ಮಾಡುವಷ್ಟು ಗಾಳಿಯೂ ಓಡಾಡುತ್ತಿಲ್ಲ ಎಂದಾಗಿರಬಹುದು. ಅವರನ್ನು ಮಲಗಿಸದೆ ನೆಟ್ಟಗೆ ಕೂರಿಸಿ, ಸಹಾಯ ಬರುವವರೆಗೂ ವೈದ್ಯರು ಬರೆದುಕೊಟ್ಟ ತುರ್ತು ಸೂಚನೆಯಂತೆ ಸ್ಪೇಸರಿನಲ್ಲಿ ಒಂದೊಂದೇ ಪಫ್ ಕೊಡುತ್ತಿರಿ.