ಕ್ಯಾಮೆರಾ ಕೊಳ್ಳುವ ಮುನ್ನ ಕೆಟ್ಟ ಫೋಟೊಗಳನ್ನು ಹುಡುಕಿ

ಮೊಬೈಲ್ ಸಾಕೋ, ಬೇರೆ ಕ್ಯಾಮೆರಾ ಬೇಕೋ? ಅಂಗಡಿಗೆ ಹೋಗುವ ಮೊದಲು ಫೋನಿನ ಗ್ಯಾಲರಿ ತೆರೆಯಿರಿ. ಕಳೆದ ವರ್ಷ ತೆಗೆದವುಗಳಲ್ಲಿ ‘ಛೆ, ಇದು ಚೆನ್ನಾಗಿ ಬರಬೇಕಿತ್ತು’ ಅನ್ನಿಸಿದ 20 ಫೋಟೊ ಆರಿಸಿ ಒಂದು ಆಲ್ಬಂಗೆ ಹಾಕಿ. ಗೂಗಲ್ ಫೋಟೋಸ್‌ನಲ್ಲಿ ಚಿತ್ರವನ್ನು ಮೇಲಕ್ಕೆ ಸರಿಸಿದರೆ ಶಟರ್ ವೇಗ (ಬೆಳಕು ಒಳಬಿಟ್ಟ ಹೊತ್ತು; 1/30 ಎಂದರೆ ಸೆಕೆಂಡಿನ ಮೂವತ್ತನೇ ಒಂದು ಪಾಲು), ಐಎಸ್‌ಒ (ಬೆಳಕನ್ನು ಎಷ್ಟು ಹಿಗ್ಗಿಸಲಾಗಿದೆ ಎಂಬ ಅಂಕಿ) ಕಾಣುತ್ತವೆ. ಅವನ್ನು ಗುರುತು ಹಾಕಿಕೊಂಡು, ಕೆಟ್ಟಿದ್ದು ಏಕೆ ಎಂದು ವಿಂಗಡಿಸಿ.

ಖರ್ಚಿಲ್ಲದೆ ಸರಿಹೋಗುವವು

ದೀಪದಿಂದ ಉದ್ದುದ್ದ ಗೆರೆ ಎಳೆದಂತಿದ್ದು, ಚಿತ್ರವೆಲ್ಲ ಮಬ್ಬಾಗಿದೆಯೇ? ಲೆನ್ಸ್ ಮೇಲೆ ಬೆರಳಿನ ಜಿಡ್ಡಿದೆ. ಬಾಯಿಂದ ಹಬೆ ಊದಿ ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಒರೆಸಿ.

ದೋಸೆಯ ಅಂಚು, ಹೂವಿನ ಎಸಳು ಮಸುಕಾಗಿದ್ದರೆ ನೀವು ತೀರಾ ಹತ್ತಿರ ಹೋಗಿದ್ದೀರಿ. ಒಂದಡಿ ಹಿಂದೆ ಸರಿದು 2ಎಕ್ಸ್ ಒತ್ತಿ ತೆಗೆಯಿರಿ. ದೊಡ್ಡ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಇರುವ ಫೋನುಗಳಲ್ಲಿ ಈ ತೊಂದರೆ ಹೆಚ್ಚು.

ಎಲ್‌ಇಡಿ ಬೆಳಕಿನಲ್ಲಿ ಅಡ್ಡಪಟ್ಟೆಗಳು ಬಂದಿದ್ದರೆ ಕಾರಣ ಕರೆಂಟು. ನಮ್ಮಲ್ಲಿನ ವಿದ್ಯುತ್ 50 ಹರ್ಟ್ಸ್. ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಹೊಂದಿಕೆಗಳನ್ನು ನಾವೇ ಬದಲಿಸಬಹುದಾದ ಪ್ರೊ ಮೋಡ್‌ನಲ್ಲಿ ಶಟರ್ 1/100 ಅಥವಾ 1/50 ಇಟ್ಟರೆ ಪಟ್ಟೆ ಬಹುಮಟ್ಟಿಗೆ ಮಾಯ.

ಮೈಸೂರು ಅರಮನೆಯ ದೀಪಾಲಂಕಾರ ಬಿಳಿ ಮುದ್ದೆಯಾಗಿದ್ದರೂ ಫೋನನ್ನು ಬೈಯಬೇಡಿ. ಬಲ್ಬುಗಳ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆಯಿರಿ. ಅರಮನೆ ಅಲುಗಾಡುವುದಿಲ್ಲ, ನೈಟ್ ಮೋಡ್ ಹಲವು ಫ್ರೇಮುಗಳನ್ನು ಒಂದರ ಮೇಲೊಂದು ಪೇರಿಸಿ ಒಳ್ಳೆಯ ಚಿತ್ರವನ್ನೇ ಕೊಡುತ್ತದೆ.

ಕ್ಯಾಮೆರಾ ಕೇಳುವವು

ಉಳಿದ ಫೋಟೊಗಳಲ್ಲಿ ಶಟರ್ 1/30, 1/20 ಎಂದಿದ್ದು ಓಡುವ ಮಗುವೋ ಕುಣಿಯುವ ವೇಷಧಾರಿಯೋ ಕಲಸಿಹೋಗಿದ್ದರೆ, ಅಲ್ಲಿ ಕೊರತೆಯಾದದ್ದು ಬೆಳಕು. ಪೇರಿಸುವ ಉಪಾಯ ಅಲ್ಲಿ ನಡೆಯದು. ಒಂದೊಂದು ಫ್ರೇಮಿನಲ್ಲೂ ಕುಣಿಯುವವರ ಕೈ ಬೇರೆ ಬೇರೆ ಜಾಗದಲ್ಲಿರುತ್ತದೆ. ಹಿನ್ನೆಲೆಯನ್ನು ಮಸುಕಾಗಿಸುವ ಪೋರ್ಟ್ರೇಟ್ ಮೋಡ್, ಮುಡಿದ ಮಲ್ಲಿಗೆಯ ಅಂಚನ್ನೋ ಹಾರುವ ಕೂದಲನ್ನೋ ಕತ್ತರಿಸಿ ಹಿನ್ನೆಲೆಗೆ ಸೇರಿಸಿದ್ದೂ ಇದೇ ಗುಂಪಿಗೆ. ರಂಗನತಿಟ್ಟಿನಲ್ಲಿ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ, ದೋಣಿ ಹತ್ತಿರ ಹೋದರೆ, 5ಎಕ್ಸ್ ಫೋನಿಗೆ ಸಿಕ್ಕೀತು. ಹಾರುವ ಬಣ್ಣದ ಕೊಕ್ಕರೆಗೆ 1/2000 ವೇಗವೂ 400 ಮಿ.ಮೀ. ಆಸುಪಾಸಿನ ಲೆನ್ಸೂ ಬೇಕು. ಅದರ ಖರ್ಚು ಬೇರೆಯದೇ ಲೆಕ್ಕ.

ಇಂಥವು ಇಪ್ಪತ್ತರಲ್ಲಿ ಐದಾರು ಕೂಡ ಇಲ್ಲದಿದ್ದರೆ ದುಡ್ಡು ಉಳಿಸಿ.

ಎಡವುವುದು ಲೆನ್ಸಿನಲ್ಲಿ

ಒಳ್ಳೆಯ ಫೋನಿನ ಮುಖ್ಯ ಸೆನ್ಸರ್ ಸುಮಾರು 9.8×7.3 ಮಿ.ಮೀ., ಅಂದರೆ 72 ಚದರ ಮಿ.ಮೀ. ಲೆನ್ಸ್ ಬದಲಿಸಬಹುದಾದ ಸಾಮಾನ್ಯ ಎಪಿಎಸ್-ಸಿ (ಒಂದು ಸೆನ್ಸರ್ ಅಳತೆಯ ಹೆಸರು) ಕ್ಯಾಮೆರಾದ್ದು 23.5×15.6, ಸುಮಾರು 366. ಐದು ಪಟ್ಟು ದೊಡ್ಡದು. ಆದರೆ ಕ್ಯಾಮೆರಾದ ಜೊತೆ ಬರುವ 18-55 ಕಿಟ್ ಲೆನ್ಸಿನ ಬಾಯಿ ಸಾಮಾನ್ಯವಾಗಿ ಎಫ್ 3.5ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ಅಂಕಿ ಚಿಕ್ಕದಾದಷ್ಟೂ ಬಾಯಿ ಅಗಲ). ಜೂಮ್ ಮಾಡಿದರೆ 5.6ಕ್ಕೆ ಕಿರಿದಾಗುತ್ತದೆ. ಫೋನಿನದು ಎಫ್ 1.8 ಇದ್ದರೆ, 3.5ರಲ್ಲಿ ಸೆನ್ಸರಿನ ಅಷ್ಟೇ ಜಾಗಕ್ಕೆ ಬರುವ ಬೆಳಕು ಅದರ ಕಾಲುಭಾಗಕ್ಕಿಂತ ತುಸು ಜಾಸ್ತಿ, ಅಷ್ಟೆ. ಸೆನ್ಸರ್ ಗಳಿಸಿದ್ದನ್ನು ಲೆನ್ಸ್ ಬಹುಪಾಲು ಕಳೆಯಿತು. ‘ಇಷ್ಟು ದುಡ್ಡು ಸುರಿದರೂ ರಾತ್ರಿ ಫೋಟೊ ಮೊಬೈಲಿನಷ್ಟೂ ಬರಲ್ಲ’ ಎಂಬ ಗೊಣಗಾಟದ ಮೂಲ ಇಲ್ಲಿದೆ.

ಆದ್ದರಿಂದ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಹಳೆಯದಾದರೂ ಪರವಾಗಿಲ್ಲ, ಎಫ್ 1.8ರ ಒಂದು ಲೆನ್ಸ್ ಬೇಕೇ ಬೇಕು. ಮನೆಯೊಳಗಿನ ಮಕ್ಕಳಿಗೆ 35 ಮಿ.ಮೀ., ವೇದಿಕೆಗೆ ಮತ್ತು ಮುಖಕ್ಕೆ 50. ಇವುಗಳಲ್ಲಿ ಜೂಮ್ ಇಲ್ಲ, ಕಾಲೇ ಜೂಮ್. ಮೆಗಾಪಿಕ್ಸೆಲ್ ಚಿಂತೆ ಬಿಡಿ: 8×12 ಇಂಚಿನ ಪ್ರಿಂಟಿಗೆ 300 ಡಿಪಿಐ ಲೆಕ್ಕದಲ್ಲೂ ಒಂಬತ್ತು ಸಾಕು.

ಯಕ್ಷಗಾನಕ್ಕೆ ಹೀಗೆ ಹೊಂದಿಸಿ: ಮ್ಯಾನುಯಲ್ ಮೋಡ್, ಎಫ್ 2, ಮಾತಿನ ಹೊತ್ತಿಗೆ 1/200, ಗಿರಗಿರ ಸುತ್ತುವ ಧೀಂಗಿಣಕ್ಕೆ 1/500, ಐಎಸ್‌ಒ ಆಟೊ, ಮೇಲ್ಮಿತಿ 6400. ಹಿಂದಿನ ಕತ್ತಲೆ ನೋಡಿ ಕ್ಯಾಮೆರಾ ಮೋಸಹೋಗುತ್ತದೆ. ಮುಖದ ಬಣ್ಣ, ಕಿರೀಟದ ಮಿಂಚು ಬೆಳ್ಳಗಾಗುತ್ತವೆ. ಎಕ್ಸ್‌ಪೋಷರ್ ಕಾಂಪೆನ್ಸೇಶನ್ (ಚಿತ್ರದ ಬೆಳಕು ಏರಿಳಿಸುವ ಹೊಂದಿಕೆ) ಮೈನಸ್ 1 ಮಾಡಿ. ಎಲ್‌ಇಡಿ ಪಟ್ಟೆ ಕಂಡರೆ, ಕ್ಯಾಮೆರಾದಲ್ಲಿ ಆ್ಯಂಟಿ-ಫ್ಲಿಕರ್ ಇದ್ದರೆ ಆನ್ ಮಾಡಿ. ಫ್ಲ್ಯಾಶ್ ಬೇಡ, ಕಲಾವಿದರ ಕಣ್ಣಿಗೆ ಹೊಡೆಯುತ್ತದೆ.

ಮಳೆಗಾಲ

ಮಲೆನಾಡು, ಕರಾವಳಿಯಲ್ಲಿ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ಚರ್ಮದ ಚೀಲದಲ್ಲಿಟ್ಟು ಬೀರುವಿನಲ್ಲಿ ಮರೆತರಂತೂ ಖಚಿತ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಬಣ್ಣ ಬದಲಿಸುವ ಸಿಲಿಕಾ ಜೆಲ್, ತೇವ ಅಳೆಯುವ ಒಂದು ಪುಟ್ಟ ಹೈಗ್ರೋಮೀಟರ್ ಇಡಿ. ಮುಳ್ಳು ಶೇಕಡಾ 40-50ರ ನಡುವೆ ಇರಲಿ. ಜೆಲ್ ಬಣ್ಣ ತಿರುಗಿದರೆ ಅದನ್ನಷ್ಟೇ ಹೊರತೆಗೆದು ಒಣಗಿಸಿ.

ಹಳೆಯ ಲೆನ್ಸ್ ಕೊಳ್ಳುವಾಗ ಬಾಯಿ ಪೂರ್ತಿ ತೆರೆಸಿ, ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಒಂದೆರಡು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ. ಜೇಡರ ಬಲೆಯಂಥ ಎಳೆ ಕಂಡರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.