ಹಾಲಿನ ಅಲರ್ಜಿ ಇದ್ದವರು ಪ್ಯಾಕೆಟ್ ಮೇಲೆ ಹುಡುಕಬೇಕಾದ ಹೆಸರುಗಳು
ಮನೆಯಲ್ಲಿ ಯಾರಿಗಾದರೂ ಹಾಲಿನ ಪ್ರೋಟೀನ್ ಅಲರ್ಜಿ ಇದ್ದರೆ ಪ್ಯಾಕೆಟ್ ಹಿಂದೆ ‘ಮಿಲ್ಕ್’ ಅಂತ ಮಾತ್ರ ಹುಡುಕಬೇಡಿ, ಕೇಸೀನ್, ಸೋಡಿಯಂ ಕೇಸಿನೇಟ್, ವೇ, ಲ್ಯಾಕ್ಟಾಲ್ಬುಮಿನ್ ಅಂತ ಇದೆಯಾ ಅದನ್ನೂ ನೋಡಿ. ಇವೆಲ್ಲ ಹಾಲಿನ ಪ್ರೋಟೀನುಗಳೇ. ಬಿಸಿ ಹಾಲಿಗೆ ನಿಂಬೆರಸ ಹಿಂಡಿದಾಗ ಒಡೆದು ಗಟ್ಟಿಯಾಗುತ್ತದಲ್ಲ, ಅದರಲ್ಲಿರುವ ಪ್ರೋಟೀನ್ ಬಹುಪಾಲು ಕೇಸೀನ್. ಕೆಳಗೆ ಉಳಿಯುವ ತಿಳಿನೀರೇ ವೇ. ಹಸುವಿನ ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 80 ಭಾಗ ಕೇಸೀನೇ ಇರುವುದರಿಂದ ‘ನಾನ್ ಡೈರಿ’ ಅಂತ ದೊಡ್ಡದಾಗಿ ಬರೆದ ಕಾಫಿ ಕ್ರೀಮರ್ ಪುಡಿಯಲ್ಲಿ ಸೋಡಿಯಂ ಕೇಸಿನೇಟ್ ಕಂಡರೆ ಸುಮ್ನೆ ವಾಪಸ್ ಇಟ್ಟುಬಿಡಿ. ‘ಲ್ಯಾಕ್ಟೋಸ್ ಫ್ರೀ’ ಹಾಲನ್ನೂ ನಂಬಬೇಡಿ. ಲ್ಯಾಕ್ಟೋಸ್ ಅನ್ನೋದು ಹಾಲಿನ ಸಕ್ಕರೆ, ಅದನ್ನು ಒಡೆದರೂ ಪ್ರೋಟೀನ್ ಹಾಗೇ ಇರುತ್ತದೆ, ಆ ಹಾಲು ಲ್ಯಾಕ್ಟೋಸ್ ಜೀರ್ಣವಾಗದೆ ಹೊಟ್ಟೆ ಉಬ್ಬರಿಸುವವರಿಗೆ ಸರಿ, ಅಲರ್ಜಿಯವರಿಗಲ್ಲ. ಹೆಸರು ನೋಡಿ ಸುಮ್ಮನೆ ಹೆದರುವುದೂ ಉಂಟು: ಕೋಕೋ ಬಟರ್‌ನಲ್ಲಿ ಹಾಲಿಲ್ಲ, ಲ್ಯಾಕ್ಟಿಕ್ ಆಸಿಡ್ ಸಾಮಾನ್ಯವಾಗಿ ಸಕ್ಕರೆ ಅಥವಾ ಪಿಷ್ಟವನ್ನು ಹುದುಗಿಸಿ ಮಾಡಿದ್ದು. ಈ ಉಪಾಯ ಕೆಲಸ ಮಾಡದಿರೋದು ಬೇಕರಿಯ ಬಿಡಿ ಬನ್ನು, ಬಿಸ್ಕತ್ತು, ಸ್ವೀಟುಗಳಲ್ಲಿ. ಅಲ್ಲಿ ಲೇಬಲ್ಲೇ ಇರಲ್ಲ, ಹಿಟ್ಟಿಗೆ ಹಾಲಿನ ಪುಡಿ ಹಾಕ್ತೀರಾ ಅಂತ ಬಾಯಿಬಿಟ್ಟು ಕೇಳಬೇಕು, ಗೊತ್ತಿಲ್ಲ ಅಂದರೆ ಬೇಡ.