ರಾಯಚೂರಿಗೆ ಮರಳಿದಾಗ ನನ್ನ ಕೆಲಸವನ್ನು ಉಳಿಸಿಕೊಂಡ ಬಗೆ

ಟೆಕ್ಸಾಸಿನಿಂದ ರಾಯಚೂರಿಗೆ ಮರಳುವ ಮಾತು ಬಂದಾಗ ಮಾವನವರ ಆರೋಗ್ಯ, ಮಕ್ಕಳ ಶಾಲೆ, ನಮ್ಮ ಮನೆಯವರ ಹೊಸ ನೌಕರಿ ಎಲ್ಲವೂ ಚರ್ಚೆಯಾದವು. ನನ್ನ ನೌಕರಿ ಏನಾಗುತ್ತದೆಂದು ಮಾತ್ರ ಯಾರೂ ಕೇಳಲಿಲ್ಲ. ನಾನು ಅಮೆರಿಕಕ್ಕೆ ಎಚ್‌-4 ವೀಸಾದಲ್ಲಿ, ಎಂದರೆ ಎಚ್‌-1ಬಿ ಎಂಬ ಉದ್ಯೋಗ ವೀಸಾದಲ್ಲಿರುವ ನೌಕರರ ಹೆಂಡತಿಯಾಗಿ ಹೋದವಳು. ಗ್ರೀನ್‌ ಕಾರ್ಡಿನ ಅರ್ಜಿ ಒಂದು ಹಂತ ದಾಟಿದ ಕುಟುಂಬಗಳಲ್ಲಿ ಅಂಥವರಿಗೂ ದುಡಿಯುವ ಪರವಾನಗಿ ಸಿಗತೊಡಗಿದ್ದು 2015ರ ಮೇ ತಿಂಗಳಿನಿಂದ. ಅಲ್ಲಿಯವರೆಗೆ, ಎಂಜಿನಿಯರಿಂಗ್‌ ಪದವಿ ಇದ್ದೂ, ಮೂರು ವರ್ಷ ಮನೆಯಲ್ಲೇ ಕಳೆದಿದ್ದೆ. ಅದೇ ಸ್ಥಿತಿ ಸ್ವಂತ ಊರಿನಲ್ಲಿ ಮರುಕಳಿಸುವುದು ನನಗೆ ಬೇಡವಾಗಿತ್ತು.

ಹೊರಡುವ ಎಂಟು ತಿಂಗಳು ಮೊದಲೇ ಕಂಪನಿಯವರೊಂದಿಗೆ ಮಾತನಾಡಿ, ಸಾಫ್ಟ್‌ವೇರ್‌ ಪರೀಕ್ಷೆಯ ಕೆಲಸವನ್ನು ರಾಯಚೂರಿನಿಂದಲೇ ಗುತ್ತಿಗೆಯ ಮೇಲೆ ಮಾಡಲು ಒಪ್ಪಿಸಿದೆ. ಇನ್‌ವರ್ಟರ್‌, ಎರಡು ಇಂಟರ್‌ನೆಟ್‌ ಸಂಪರ್ಕ, ಮಾಳಿಗೆಯ ಕೋಣೆ ಇಷ್ಟರ ವ್ಯವಸ್ಥೆ ಒಂದು ವಾರದಲ್ಲಿ ಮುಗಿಯಿತು. ಕಷ್ಟವಾದದ್ದು ಹೊತ್ತಿನ ಹೊಂದಾಣಿಕೆ. ಅಲ್ಲಿ ಬೆಳಿಗ್ಗೆ ಎಂಟಾದಾಗ ನಮ್ಮಲ್ಲಿ ಬೇಸಿಗೆಯಲ್ಲಿ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ; ರೊಟ್ಟಿ ಬಡಿಯುವ, ಮಕ್ಕಳನ್ನು ಓದಿಸುವ, ಮಾವನವರಿಗೆ ಮಾತ್ರೆ ಕೊಡುವ ಹೊತ್ತೂ ಅದೇ. “ಸಂಜೀಮುಂದ ನೀ ಮ್ಯಾಲೆ ಹೋಗಿ ಕುಂತ್ರ ಮನಿ ಹೆಂಗವ್ವ?” ಎಂದು ಅತ್ತೆ ಕೇಳಿದ್ದರಲ್ಲಿ ಸಿಟ್ಟಿರಲಿಲ್ಲ, ನಿಜವಾದ ಆತಂಕವಿತ್ತು. ಆದ್ದರಿಂದ ವಾದಿಸದೆ, ಸಂಜೆಯ ಪ್ರತಿಯೊಂದು ಕೆಲಸವನ್ನೂ ಹಾಳೆಯಲ್ಲಿ ಬರೆದು, ಎಲ್ಲರೂ ಕುಳಿತಾಗ ಮುಂದಿಟ್ಟೆ. ರೊಟ್ಟಿಗೆ ಓಣಿಯ ಒಬ್ಬ ಹೆಣ್ಣುಮಗಳನ್ನು ಸಂಬಳ ಕೊಟ್ಟು ನೇಮಿಸಿಕೊಂಡೆವು. ಮಾತ್ರೆ ಮತ್ತು ಓದು ನಮ್ಮ ಮನೆಯವರ ಪಾಲಿಗೆ ಬಂದವು.

ಅನಿವಾಸಿ ಭಾರತೀಯರಿಗೆಂದೇ ಇರುವ ಎನ್‌ಆರ್‌ಇ ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಿಸಲು ಬ್ಯಾಂಕಿಗೆ ಹೋದಾಗ ನನ್ನ ಹೆಸರು ಎಲ್ಲ ಕಡೆಯೂ ಎರಡನೆಯದಾಗಿತ್ತು. ಅಂದೇ ನನ್ನೊಬ್ಬಳ ಹೆಸರಿನಲ್ಲಿ ಖಾತೆ ತೆರೆದು, ವಿದೇಶದಿಂದ ಬರುವ ಸಂಭಾವನೆಯನ್ನು ಅದಕ್ಕೇ ತರಿಸಿಕೊಳ್ಳತೊಡಗಿದೆ. ಮರಳಿ ಬರುವ ಹೆಣ್ಣುಮಕ್ಕಳಿಗೆ ನಾನು ಮೊದಲು ಹೇಳುವುದು ಇದನ್ನೇ. ಸಂಸಾರ ಎಷ್ಟೇ ಚೆನ್ನಾಗಿದ್ದರೂ ದುಡಿಮೆಯ ದಾಖಲೆ ಸ್ವಂತ ಹೆಸರಿನಲ್ಲಿರಬೇಕು.

ಒಂದು ಕಡೆ ನಾನು ಸೋತೆ. ಅತ್ತೆಯವರಿಗೆ ಶಸ್ತ್ರಚಿಕಿತ್ಸೆಯಾದಾಗ ಯಾರೂ ಕೇಳುವ ಮೊದಲೇ ಮೂರು ವಾರ ಕೆಲಸ ನಿಲ್ಲಿಸಿದೆ, ಅಷ್ಟು ದಿನದ ಸಂಭಾವನೆಯೂ ಹೋಯಿತು. ನಮ್ಮ ಮನೆಯವರಿಗೆ ರಜೆ ಇತ್ತೇ ಎಂದು ವಿಚಾರಿಸಲೂ ಇಲ್ಲ. ಮುಂದಿನ ತಿಂಗಳು ಮಾವನವರ ಕಣ್ಣಿನ ಪೊರೆ ತೆಗೆಸಬೇಕಿದೆ. ಅದಕ್ಕೆ ನಮ್ಮ ಮನೆಯವರು ಈಗಾಗಲೇ ರಜೆಗೆ ಬರೆದುಕೊಟ್ಟಿದ್ದಾರೆ.